ಫುಲ್ ಟಿಕೆಟ್ಟಿನ ಪ್ರಶ್ನೆ

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯನ್ನು ಪಾಠ ಮಾಡುವಾಗ ನಾನು ಬಸ್ಸಿನಿಂದ ಆರಂಭಿಸುತ್ತೇನೆ. ಕಾನೂನು, ನ್ಯಾಯಾಲಯ, ಸಂವಿಧಾನ ಎಂದು ತೊಡಗಿದರೆ ಮಕ್ಕಳ ಕಣ್ಣು ಕಿಟಕಿಯ ಕಡೆಗೆ ಹೋಗುತ್ತದೆ. ಬಸ್ಸು ಎಂದರೆ ಹಾಗಲ್ಲ. ಎಲ್ಲರೂ ದಿನವೂ ಹತ್ತಿ ಇಳಿಯುವ ವಸ್ತು. ಶಾಲೆಯಲ್ಲಿದ್ದಷ್ಟು ಕಾಲ ಈ ಕ್ರಮವನ್ನು ಬದಲಿಸುವ ಕಾರಣ ನನಗೆ ಒದಗಲಿಲ್ಲ. ಸ್ವಯಂನಿವೃತ್ತಿ ಪಡೆದು, ಕೇರಳದ ಗಡಿಯ ಬಾವಲಿ ರಸ್ತೆಯ ಕಾಡಂಚಿನ ಒಂದು ಆದಿವಾಸಿ ಹಾಡಿಯಲ್ಲಿ ಸಂಜೆಯ ತರಗತಿ ನಡೆಸತೊಡಗಿದ ಮೇಲೂ ಅದನ್ನೇ ಅನುಸರಿಸಿದೆ.

ಆ ತರಗತಿಗೆ ನನ್ನನ್ನು ಕರೆದದ್ದು ಭಾಷೆಯ ಕಾರಣದಿಂದ. ಹಾಡಿಯವರು ಮನೆಯಲ್ಲಿ ಆಡುವುದು ಮಲಯಾಳ ಬೆರೆತ ಕನ್ನಡ. ಮಕ್ಕಳ ಶಾಲೆ, ಪಠ್ಯ, ಪರೀಕ್ಷೆ ಎಲ್ಲವೂ ಮಲಯಾಳ. ನಮ್ಮ ಮನೆತನ ಕರ್ನಾಟಕದ ಕಡೆಯಿಂದ ಬಂದು ತೃಶ್ಶಿಲೇರಿಯಲ್ಲಿ ಬೇಸಾಯಕ್ಕೆ ನಿಂತು ತಲೆಮಾರುಗಳಾಗಿವೆ. ಮನೆಯೊಳಗೆ ಕನ್ನಡ ಉಳಿದಿದೆ, ಕಚೇರಿಗೆ ಮಲಯಾಳವಿದೆ. ಪುಸ್ತಕದ ಮಲಯಾಳವನ್ನು ಮಕ್ಕಳ ಕನ್ನಡಕ್ಕೆ ಬಿಡಿಸಿ ಹೇಳಬಲ್ಲವರು ಬೇಕಾಗಿತ್ತು. ಒಪ್ಪಿಕೊಂಡೆ.

ಕಲಿಕಾ ಕೊಠಡಿಯೆಂದರೆ ಸಿಮೆಂಟಿನ ಒಂದು ಕೋಣೆ, ಕೆಲವು ಬೆಂಚುಗಳು, ಒಂದು ಕರಿಹಲಗೆ. ಫೆಬ್ರುವರಿಯ ಒಂದು ಸಂಜೆ ಬೆಂಚುಗಳನ್ನು ಬಸ್ಸಿನ ಸೀಟುಗಳಂತೆ ಒಂದರ ಹಿಂದೆ ಒಂದು ಇಡಿಸಿ, ‘ಹತ್ತಿ’ ಎಂದೆ. ಹುಡುಗಿಯರೆಲ್ಲ ಮುಂದಿನ ಬೆಂಚುಗಳಿಗೆ ಓಡಿದರು. ಹುಡುಗರು ಹಿಂದೆ ಹೋಗಿ ಕುಳಿತರು. ಯಾರಿಗೂ ಯಾರೂ ಹೇಳಿರಲಿಲ್ಲ.

“ಹೀಗಲ್ಲ. ಮುಂದಿನ ಸೀಟುಗಳು ಬಿಳಿಯರಿಗೆ, ಹಿಂದಿನವು ಕರಿಯರಿಗೆ. ಗಂಡಸು, ಹೆಂಗಸು ಎಂಬ ಲೆಕ್ಕ ಅಲ್ಲಿರಲಿಲ್ಲ” ಎಂದೆ.

“ಲೇಡೀಸ್ ಸೀಟೇ ಇಲ್ವಾ ಟೀಚರೇ?” ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಅಮೆರಿಕದ ಬಗ್ಗೆ ಅವಳಿಗಿದ್ದ ಗೌರವ ಆ ಕ್ಷಣಕ್ಕೆ ಕಡಿಮೆಯಾದಂತೆ ತೋರಿತು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಹಿಂದೆ ಕೂರೋದು ನಲ್ಲದೇ ಟೀಚರೇ. ಕಂಡಕ್ಟರ್ ಜನರ ಮಧ್ಯೆ ನೂಕ್ಕೊಂಡು ಇಲ್ಲಿಗೆ ಎತ್ತೋವಾಗ ಸ್ಕೂಲೇ ಬಂದಿರ್ತದೆ” ಎಂದ. ಎಲ್ಲರೂ ನಕ್ಕರು. ಒಳ್ಳೆಯದೇ, ತಲುಪುವಾಗ ಎನ್ನಬೇಕಾದಲ್ಲಿ ಬಂದ ‘ನಲ್ಲದೇ’, ‘ಎತ್ತೋವಾಗ’ ಎಂಬ ಎರಡು ಮಲಯಾಳ ಪ್ರಯೋಗಗಳನ್ನು ತಿದ್ದಬೇಕೆನಿಸಿತು. ತಿದ್ದಿದರೆ ಮಾತು ನಿಲ್ಲುತ್ತದೆಯೆಂದು ಬಿಟ್ಟೆ.

ನಡುವಿನ ಸಾಲಿನ ನಿಯಮವನ್ನು ಹೇಳಿದೆ. ಬಿಳಿಯರ ಸೀಟುಗಳು ತುಂಬಿದರೆ ನಡುವೆ ಕುಳಿತ ಕರಿಯರು ಎದ್ದು ಜಾಗ ಬಿಡಬೇಕು. ಹೊಲಿಗೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಒಬ್ಬ ಕಪ್ಪು ಹೆಂಗಸಿಗೆ ಡ್ರೈವರ್ ಏಳಲು ಹೇಳಿದ. ಅವಳು ಏಳಲಿಲ್ಲ. ಪೊಲೀಸರು ಬಂದು ಅವಳನ್ನು ಹಿಡಿದುಕೊಂಡು ಹೋದರು. ಇಲ್ಲಿ ನಿಲ್ಲಿಸಿ ಮಕ್ಕಳ ಮುಖ ನೋಡುವುದು ನನ್ನ ಪದ್ಧತಿ. ಬೇರೆ ಕಡೆ ಈ ಹೊತ್ತಿಗೆ ಒಂದು ಅಸಹನೆ ಕಾಣುತ್ತಿತ್ತು. ಇಲ್ಲಿ ಅದು ಕಾಣಲಿಲ್ಲ. ಹತ್ತನೆಯ ತರಗತಿಯ ಹುಡುಗಿ, ಆ ಕೋಣೆಯಲ್ಲಿ ಆ ವರ್ಷ ಎಸ್‌ಎಸ್‌ಎಲ್‌ಸಿ ಬರೆಯಬೇಕಾಗಿದ್ದ ಒಬ್ಬಳೇ ವಿದ್ಯಾರ್ಥಿನಿ, ಕೈಯೆತ್ತಿದಳು.

“ಅವಳದ್ದು ಫುಲ್ ಟಿಕೆಟ್ಟಾ, ಕನ್ಸೆಷನ್ನಾ ಟೀಚರೇ?”

ಈ ಪ್ರಶ್ನೆ ಕೇರಳದ ಹೊರಗಿನವರಿಗೆ ತಿಳಿಯಲಾರದು. ಇಲ್ಲಿ ಖಾಸಗಿ ಬಸ್ಸಿನಲ್ಲಿ ವಿದ್ಯಾರ್ಥಿಗಳಿಗೆ ಕನ್ಸೆಷನ್ ಎಂಬ ಅಗ್ಗದ ಟಿಕೆಟ್ಟಿದೆ. ಅದರ ಜೊತೆಗೆ ಎಲ್ಲಿಯೂ ಬರೆಯದ ಒಂದು ರೂಢಿಯೂ ಇದೆ. ಬಸ್ಸು ಹೊರಡುವ ತನಕ ಮಕ್ಕಳು ಹೊರಗೆ ಸಾಲುಗಟ್ಟಿ ಕಾಯಬೇಕು, ದೊಡ್ಡವರು ಹತ್ತಿದ ಮೇಲೆ ಹತ್ತಬೇಕು, ಸೀಟು ಖಾಲಿಯಿದ್ದರೂ ನಿಲ್ಲಬೇಕು. ಕೂತವರನ್ನು ಕಂಡಕ್ಟರ್ ಎಬ್ಬಿಸಿದರೆ ಅದು ಸುದ್ದಿಯಲ್ಲ. ಆದ್ದರಿಂದ ಆ ಮಕ್ಕಳ ಪಾಲಿಗೆ ಒಬ್ಬಳನ್ನು ಸೀಟಿನಿಂದ ಏಳು ಎಂದದ್ದರಲ್ಲಿ ಅನ್ಯಾಯದ ಅಂಶವೇ ಇರಲಿಲ್ಲ. ಕಥೆ ಇನ್ನೂ ಆರಂಭವಾಗಿಲ್ಲವೆಂದೇ ಅವರು ಕಾಯುತ್ತಿದ್ದರು.

“ಫುಲ್ ಟಿಕೆಟ್. ಬಿಳಿಯರು ಕೊಟ್ಟಷ್ಟೇ ಅವಳೂ ಕೊಟ್ಟಿದ್ದಳು” ಎಂದೆ.

“ಫುಲ್ ತೆಗ್ದ್ರೂ ಎಬ್ಬಿಸಿದ್ರಾ?”

“ಹೌದು.”

ನಾನು ನಿರೀಕ್ಷಿಸುತ್ತಿದ್ದ ಅಸಹನೆ ಆ ಹೊತ್ತಿಗೆ, ಬೇರೊಂದು ಬಾಗಿಲಿನಿಂದ, ಬಂತು.

ಮುಂದಿನ ಭಾಗ ಬಸ್ ಬಹಿಷ್ಕಾರ. ಆ ಊರಿನ ಕಪ್ಪು ಜನರು ವರ್ಷಕ್ಕೂ ಮಿಕ್ಕಿ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದರು ಎಂದಾಗ ಹಿಂದಿನ ಬೆಂಚಿನ ಹುಡುಗ, “ಅಲ್ಲಿ ಆನೆ ಉಂಟಾ?” ಎಂದು ಕೇಳಿದ.

“ಇಲ್ಲ.”

“ಆನೆ ಇಲ್ದಿರೋ ರೋಡಲ್ಲಿ ನಡ್ಯೋದಕ್ಕೂ ಸಮರಂ ಅಂತಾರಾ?”

ಮುಷ್ಕರಕ್ಕೆ ಮಲಯಾಳದಲ್ಲಿ ಸಮರಂ ಎನ್ನುತ್ತಾರೆ. ಅವನ ಆಕ್ಷೇಪ ತರ್ಕಬದ್ಧವಾಗಿಯೇ ಇತ್ತು. ಹಾಡಿಯಿಂದ ಶಾಲೆಯ ಪೇಟೆಗೆ ಹೋಗುವ ದಾರಿಯ ಬಹುಭಾಗ ಕಾಡು. ಬೆಳಗಿನ ಹೊತ್ತು ಅಲ್ಲಿ ಮಕ್ಕಳನ್ನು ನಡೆಯಲು ಬಿಡುವವರಿಲ್ಲ. ಶಾಲೆಯ ವೇಳೆಗೆ ಸರಿಯಾಗಿ ಹಾಡಿಯಲ್ಲಿ ನಿಲ್ಲುವುದು ಒಂದೇ ಖಾಸಗಿ ಬಸ್ಸು. ಚಿಕ್ಕ ಮಕ್ಕಳನ್ನು ಒಯ್ಯುವ ಜೀಪು ಪ್ರಾಥಮಿಕ ಶಾಲೆಯವರೆಗೆ ಮಾತ್ರ ಹೋಗುತ್ತದೆ.

ಪಾಠದ ಕೊನೆಗೆ ಒಂದು ವಾಕ್ಯ ಬರೆಯಲು ಹೇಳಿದೆ. ಬಹಳ ಮಂದಿ ‘ಸೀಟಿನಿಂದ ಎಬ್ಬಿಸಲಾಯಿತು’ ಎಂಬರ್ಥದ ವಾಕ್ಯವನ್ನು ಮಲಯಾಳದಲ್ಲಿ ಬರೆದರು. ಯಾರು ಎಬ್ಬಿಸಿದರು ಎಂಬುದಿಲ್ಲದ ವಾಕ್ಯವನ್ನು ನಾನು ಯಾವ ಭಾಷೆಯಲ್ಲೂ ಒಪ್ಪುವುದಿಲ್ಲ, ಮತ್ತೆ ಬರೆಸಿದೆ.

ಆ ವಾರ ಕಳೆಯುವುದರೊಳಗೆ ಹತ್ತನೆಯ ತರಗತಿಯ ಆ ಹುಡುಗಿ ಬಸ್ಸಿನಲ್ಲಿ ಫುಲ್ ಟಿಕೆಟ್ ತೆಗೆದುಕೊಂಡು ಕುಳಿತಳು. ನಾನು ಅಲ್ಲಿರಲಿಲ್ಲ. ಅದೇ ಬಸ್ಸಿನಲ್ಲಿ ಮೆಣಸು ಕೊಯ್ಯಲು ತೋಟಗಳಿಗೆ ಹೋಗುವ ಹಾಡಿಯ ಹೆಂಗಸರು ಹೇಳಿದ್ದನ್ನು ಒಂದಕ್ಕೊಂದು ಹೋಲಿಸಿ, ಎಲ್ಲರ ಮಾತಿನಲ್ಲೂ ಇದ್ದಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಕೇಳಿದ ಹಾಗೆ ಕಂಡಕ್ಟರ್ ಟಿಕೆಟ್ ಕೊಟ್ಟ. ಮುಂದಿನ ನಿಲ್ದಾಣದಲ್ಲಿ ಜನ ಹತ್ತಿದಾಗ ತಿರುಗಿ ನೋಡಿ, “ಮೋಳೇ, ಎದ್ದೇಳು” ಎಂದ. ಮೋಳೇ ಎಂದರೆ ಮಗಳೇ.

“ಫುಲ್ ಟಿಕೆಟ್, ಚೇಟಾ” ಎಂದಳು, ಅಣ್ಣನೆಂಬ ಗೌರವದಲ್ಲೇ.

“ಯೂನಿಫಾರಂ ಹಾಕಿದವರಿಗೆ ಸೀಟಿಲ್ಲ.”

“ಟಿಕೆಟ್ ತೆಗ್ದಿದ್ದು ಯೂನಿಫಾರಂ ಅಲ್ಲ, ನಾನು.”

ಯಾರೋ ನಕ್ಕರು. ಆ ನಗು ಇರದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೆಂದು ಹೆಂಗಸರ ಅಭಿಪ್ರಾಯ. ಕಂಡಕ್ಟರ್ ಬೆಲ್ ಹೊಡೆದು ಬಸ್ಸು ನಿಲ್ಲಿಸಿದ. ಅವಳ ತಾಯಿಯೇ ಹಿಂದಿನಿಂದ, “ಏಳೇ ಹೆಣ್ಣೇ, ಪಣಿಗೆ ಹೊತ್ತಾಯ್ತು, ನಿನ್ನ ಕಾಲೇನು ಸವೀತದಾ?” ಎಂದು, ತೋಟದ ಕೆಲಸಕ್ಕೆ ತಡವಾಗುವ ಆತಂಕದಲ್ಲಿ, ಗದರಿದಳು. ಹುಡುಗಿ ಕಿಟಕಿಯ ಕಡೆ ನೋಡುತ್ತ ಕುಳಿತೇ ಇದ್ದಳು. ಬಸ್ಸಿಗೆ ತನ್ನ ಸಮಯವಿದೆ. ತಡವಾದರೆ ಹಿಂದಿನಿಂದ ಬರುವ, ಹಾಡಿಯಲ್ಲಿ ನಿಲ್ಲದ ದೂರದ ಬಸ್ಸು ಮುಂದೆ ಹೋಗಿ ಪೇಟೆ ದಾರಿಯ ಪ್ರಯಾಣಿಕರನ್ನು ಎತ್ತಿಕೊಳ್ಳುತ್ತದೆ. ಡ್ರೈವರ್ ಗೊಣಗಿಕೊಂಡು ಬಸ್ಸು ಬಿಟ್ಟ. ಅವಳು ಶಾಲೆಯ ತನಕ ಕುಳಿತು ಹೋದಳು.

ಮರುದಿನ ಬಸ್ಸು ನಿಂತಿತು. ಹೆಂಗಸರು ಹತ್ತಿದರು. ಮಕ್ಕಳು ಹತ್ತುವಾಗ ಕಂಡಕ್ಟರ್ ಬಾಗಿಲಿಗೆ ಅಡ್ಡಲಾಗಿ ಕೈಯಿಟ್ಟ. ಆ ಹುಡುಗಿ ಎಲ್ಲರ ಎದುರಿಗೆ ‘ತಪ್ಪಾಯಿತು’ ಎನ್ನಬೇಕು. ಅನ್ನುವ ತನಕ ಹಾಡಿಯ ಯಾವ ಮಗುವೂ ಈ ಬಸ್ಸು ಹತ್ತುವ ಹಾಗಿಲ್ಲ ಎಂದ. ಡಬಲ್ ಬೆಲ್ ಹೊಡೆದ. ಬಸ್ಸು ಹೋಯಿತು.

ಹುಡುಗಿಗೆ ಪರೀಕ್ಷೆಯ ಮುಂಚಿನ ಓದುವ ರಜೆ ಆರಂಭವಾಗಿದ್ದರಿಂದ ಅವಳಿಗೆ ಆ ದಿನಗಳಲ್ಲಿ ನಷ್ಟವಾಗಲಿಲ್ಲ. ಉಳಿದ ಮಕ್ಕಳು ಮನೆಯಲ್ಲಿ ಉಳಿದರು. ಅವರ ತಂದೆತಾಯಿ ಅವಳ ಮನೆಯ ಮುಂದೆ ಹಾದುಹೋಗುವಾಗ ಕೇಳುವಂತೆ ಮಾತಾಡಿದರು. ಪರೀಕ್ಷೆಯ ಮೊದಲ ದಿನ ಹತ್ತಿರವಾಗುತ್ತಿತ್ತು. ಆ ದಿನ ಬಸ್ಸು ಹತ್ತದಿದ್ದರೆ ಹತ್ತನೆಯ ತರಗತಿ ಅಲ್ಲಿಗೆ ಮುಗಿದಂತೆ. ಹಾಡಿಯಲ್ಲಿ ಅದನ್ನು ದಾಟಿದ ಹುಡುಗಿ ಅದುವರೆಗೆ ಇರಲಿಲ್ಲ.

ಒಂದು ಸಂಜೆ ಅವಳನ್ನು ಕರೆದುಕೊಂಡು ತಾಯಿ ಕಲಿಕಾ ಕೊಠಡಿಗೆ ಬಂದಳು. ಬೆಂಚಿನ ಮೇಲೆ ಕುಳಿತುಕೊಳ್ಳಿರೆಂದರೂ ಹೊಸ್ತಿಲ ಬಳಿ ನಿಂತಳು.

“ನೀವು ಹೇಳಿಕೊಟ್ಟ ಪಾಠ ಅಂತಾಳೆ ಟೀಚರೇ. ನೀವೇ ಹೇಳಿ, ಒಂದು ಮಾತು ಅಂದುಬಿಡ್ಲಿ.”

ನಾನು ನನ್ನ ಕ್ರಮದಂತೆ ವಿಷಯವನ್ನು ವಿಂಗಡಿಸಿದೆ. ಅಮೆರಿಕದಲ್ಲಿದ್ದದ್ದು ಬಣ್ಣವನ್ನು ನೋಡಿ ಮಾಡಿದ ಕಾನೂನು. ಇಲ್ಲಿರುವುದು ಟಿಕೆಟ್ಟಿನ ಬೆಲೆಗೆ ಅಂಟಿಕೊಂಡ ಕೆಟ್ಟ ರೂಢಿ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ. ಎರಡನ್ನೂ ಸಮೀಕರಿಸುವುದು ಇತಿಹಾಸದ ದೃಷ್ಟಿಯಿಂದ ಸರಿಯಲ್ಲ. ಹೀಗೆ ಹೇಳಿ, ಫುಲ್ ಟಿಕೆಟ್ ತೆಗೆದುಕೊಂಡಿದ್ದರಿಂದ ಅವಳು ಕುಳಿತದ್ದು ಮಾತ್ರ ಸರಿಯೆಂದೂ ಹೇಳಿದೆ.

ಹುಡುಗಿ ಪೂರ್ತಿ ಕೇಳಿದಳು. “ಎಲ್ಲರಿಗೂ ಒಂದೇ ಅಲ್ಲ ಟೀಚರೇ. ಪೇಟೆ ಹತ್ರ ಹತ್ತೋ ಮಕ್ಕಳನ್ನ ಅವನು ಎಬ್ಬಿಸೋದಿಲ್ಲ. ಅವರದ್ದೂ ಕನ್ಸೆಷನ್ನೇ” ಎಂದಳು.

“ನೋಡಿ ಹೇಳುತ್ತಿದ್ದೀಯಾ, ಊಹೆಯಾ?”

“ದಿನಾ ನಿಂತ್ಕೊಂಡು ನೋಡೋದು ಅದನ್ನೇ ಅಲ್ವಾ?”

ತಾಯಿ ನಡುವೆ ಬಾಯಿ ಹಾಕಿದಳು. “ಆ ಅಮೆರಿಕದ ಹೆಂಗಸಿಗೆ ಆಮೇಲೆ ಏನಾಯ್ತು ಟೀಚರೇ? ಸೀಟಲ್ಲಿ ಕೂತವಳಿಗೆ?”

ಪಾಠದಲ್ಲಿ ಆ ಭಾಗ ಇರುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕಾನೂನು ಬದಲಾಯಿತು, ಆದರೆ ಆ ಹೆಂಗಸಿನ ಹೊಲಿಗೆಯ ಕೆಲಸ ಹೋಯಿತು, ಬೆದರಿಕೆಗಳು ಬಂದವು, ಕೆಲಸ ಸಿಗದೆ ಅವಳು ಊರನ್ನೇ ಬಿಡಬೇಕಾಯಿತು ಎಂದೆ.

“ಕೇಳಿದ್ಯಾ?” ಎಂದು ತಾಯಿ ಮಗಳ ಕಡೆ ತಿರುಗಿದಳು. “ಊರು ಬಿಟ್ಳಂತೆ. ನಾವು ಎಲ್ಲಿಗೆ ಬಿಡೋದು? ಆ ಕಡೆ ಹೊಳೆ, ಈ ಕಡೆ ಕಾಡು.”

“ಅವಳು ತಪ್ಪಾಯ್ತು ಅಂದ್ಳಾ?” ಎಂದು ಹುಡುಗಿ ನನ್ನನ್ನು ಕೇಳಿದಳು.

“ಇಲ್ಲ.”

ತಾಯಿ ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ಓದಿದವಳಿಗೆ ಒಂದು ಸುಳ್ಳು ಹೇಳಲು ಬರುವುದಿಲ್ಲವಲ್ಲ ಎಂಬ ಬೇಸರವಿತ್ತು.

ಬೇರೆ ದಾರಿಗಳನ್ನು ಒಂದೊಂದಾಗಿ ಮುಂದಿಟ್ಟೆ. ಸಾರಿಗೆ ಕಚೇರಿಗೆ ದೂರು ಕೊಡಬಹುದು. ತಾಯಿ ಬೇಡವೆಂದಳು: ದೂರಿನಿಂದ ಬಸ್ಸೇ ನಿಂತುಹೋದರೆ ಹಾಡಿಯವರ ಪಣಿಯೂ ನಿಲ್ಲುತ್ತದೆ. ಪರೀಕ್ಷೆಯ ದಿನಗಳಿಗೆ ಆಟೊ ಗೊತ್ತುಮಾಡುತ್ತೇನೆಂದೆ. ಅದನ್ನು ಹುಡುಗಿಯೇ ಬೇಡವೆಂದಳು: “ನನಗೆ ಆಟೊ, ಉಳಿದವರಿಗೆ? ಆಮೇಲೆ ಪ್ಲಸ್ ಒನ್ನಿಗೂ ಇದೇ ಬಸ್ಸಲ್ವಾ?” ಪ್ಲಸ್ ಒನ್ನಿನ, ಅಂದರೆ ಹತ್ತರ ಮುಂದಿನ ಓದಿನ, ಮಾತನ್ನು ಅವಳು ತಾಯಿಯ ಎದುರಿಗೆ ಆಡಿದ್ದು ಅದೇ ಮೊದಲೆಂದು ತಾಯಿಯ ಮುಖದಿಂದ ತಿಳಿಯಿತು.

ಮರುದಿನದಿಂದ ಕೆಲವು ದಿನ ನಾನು ಆ ಬಸ್ಸಿನಲ್ಲಿ ಪ್ರಯಾಣ ಮಾಡಿದೆ. ಒಂದು ಹೇಳಿಕೆಯನ್ನು ಪರಿಶೀಲಿಸದೆ ಒಪ್ಪುವುದೂ ತಳ್ಳುವುದೂ ನನಗೆ ಅಭ್ಯಾಸವಿಲ್ಲ. ಪೇಟೆ ಸಮೀಪಿಸಿದ ಹಾಗೆ ಟೈಲ್ಸ್ ಹಾಕಿದ ಮನೆಗಳ ಮುಂದೆ ಮಕ್ಕಳು ಹತ್ತುತ್ತಿದ್ದರು. ಸೀಟು ಖಾಲಿಯಿದ್ದರೆ ಕೂರುತ್ತಿದ್ದರು. ಕಂಡಕ್ಟರ್ ಅವರಿಗೆ ಕನ್ಸೆಷನ್ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಿದ್ದ. ಒಬ್ಬನ ತಲೆಯನ್ನು ಸವರಿ ಅಪ್ಪನ ಯೋಗಕ್ಷೇಮವನ್ನೂ ಕೇಳಿದ. ಅದರಲ್ಲಿ ದುರುದ್ದೇಶವೇನೂ ಕಾಣಿಸಲಿಲ್ಲ. ಯಾರನ್ನು ಎಬ್ಬಿಸಬೇಕೆಂಬುದು ಅವನ ಕೈಗೆ ಗೊತ್ತಿತ್ತು, ಅಷ್ಟೆ. ನನ್ನ ವಿಂಗಡಣೆಯಲ್ಲಿ ‘ಎಲ್ಲ ವಿದ್ಯಾರ್ಥಿಗಳಿಗೂ’ ಎಂಬ ಪದಗಳನ್ನು ತೆಗೆದುಹಾಕಬೇಕಾಯಿತು. ಹುಡುಗಿಗೆ ಅದನ್ನು ಹೇಳಿದೆ. “ಶರಿ” ಎಂದಳು.

ಪರೀಕ್ಷೆಯ ಮೊದಲ ಬೆಳಿಗ್ಗೆ ಆ ಬಸ್ಸು ಬಾವಲಿಯ ಕಡೆಗೆ ಹೋಗುವಾಗಲೇ ಹತ್ತಿದೆ. ಕಂಡಕ್ಟರನೊಡನೆ ಮಲಯಾಳದಲ್ಲಿ ಮಾತಾಡಿದೆ. ಇವತ್ತು ಅವಳ ಪರೀಕ್ಷೆ, ಇದು ಹಟ ಹಿಡಿಯುವ ದಿನವಲ್ಲ ಎಂದೆ.

“ನನಗೂ ಮಕ್ಕಳಿದ್ದಾರೆ ಟೀಚರೇ” ಎಂದ ಅವನು. “ಒಂದು ಮಾತು ಸಾಕು. ನಾಳೆ ಎಲ್ಲ ಮಕ್ಕಳೂ ಹೀಗೇ ಕೂತರೆ ಮಾಲೀಕ ನನ್ನನ್ನು ಇಳಿಸ್ತಾನೆ. ನೀವು ಟೀಚರ್. ತಪ್ಪಾಯಿತು ಅನ್ನೋದನ್ನ ಕಲಿಸೋದಿಲ್ವಾ?”

“ತಪ್ಪು ಮಾಡಿದವರಿಗೆ ಕಲಿಸುತ್ತೇನೆ” ಎಂದೆ. ಅವನು ಟಿಕೆಟ್ ಯಂತ್ರವನ್ನು ಒತ್ತುತ್ತ ಮುಂದೆ ಹೋದ.

ಹಾಡಿಯ ನಿಲ್ದಾಣದಲ್ಲಿ ಇಳಿದು ನಿಂತೆ. ಬಾವಲಿಯ ತನಕ ಹೋಗಿ ಬಸ್ಸು ತಿರುಗಿ ಬರುವ ವೇಳೆಗೆ ಮೆಣಸು ಕೊಯ್ಯುವ ಹೆಂಗಸರು, ಮಕ್ಕಳು, ನಡುವೆ ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟ ಆ ಹುಡುಗಿ, ಎಲ್ಲರೂ ಬಂದಿದ್ದರು. ತಾಯಿ ಮಗಳ ಕಿವಿಯಲ್ಲಿ ಏನನ್ನೋ ಹೇಳುತ್ತಲೇ ಇದ್ದಳು. ಮಗಳು ತಲೆಯಾಡಿಸಲಿಲ್ಲ.

ಬಸ್ಸು ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಕೊನೆಯವಳು ತಾಯಿ; ಅವಳ ಹಿಂದೆ ಮಗಳು. ತಾಯಿ ಮೆಟ್ಟಿಲ ಮೇಲಿದ್ದಾಗ ಕಂಡಕ್ಟರ್ ಅವಳ ತಲೆಯ ಮೇಲಿನಿಂದ ಕೈ ಚಾಚಿ ಮಗಳನ್ನು ತಡೆದ.

“ಹೇಳು ಮೋಳೇ. ಹೇಳಿ ಹತ್ತು.”

ಹುಡುಗಿ ಅವನ ಕೈಯನ್ನು ನೋಡುತ್ತ ನಿಂತಳು. ಒಳಗಿನಿಂದ ಒಬ್ಬಳು, “ಅಂದ್‌ಬಿಡೇ, ಪರೀಕ್ಷ ಅಲ್ವಾ” ಎಂದಳು. ತಾಯಿ ಮೆಟ್ಟಿಲ ಮೇಲೆ ತಿರುಗಿ ಮಗಳ ಮುಖ ನೋಡಿದಳು. ಆಮೇಲೆ, ಬಹಳ ಸಾಧಾರಣವಾದ ದನಿಯಲ್ಲಿ, “ಅಯ್ಯೋ, ಬುತ್ತಿ ಮರ್ತೆ” ಎಂದು ಕೆಳಗಿಳಿದಳು.

ಬುತ್ತಿಯ ಡಬ್ಬಿ ಅವಳ ಕಂಕುಳಲ್ಲೇ ಇತ್ತು. ಅವಳು ನಿಲ್ದಾಣದ ಕಟ್ಟೆಯ ತನಕ ನಡೆದು, ಅಲ್ಲಿ ಬಗ್ಗಿ ನೋಡಿ, ಅವಸರವಿಲ್ಲದೆ ಹಿಂದಿರುಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಇಡುತ್ತಲೇ ಒಳಗಿನಿಂದ ಇನ್ನೊಬ್ಬಳು, “ನನ್ನ ಕತ್ತಿ ಎಲ್ಲಿ?” ಎನ್ನುತ್ತ ಅವಳನ್ನು ಸರಿಸಿ ಇಳಿದಳು. ಅವಳು ಹತ್ತುವಾಗ ಮೂರನೆಯವಳಿಗೆ ಬಾಯಾರಿಕೆಯಾಯಿತು. ವಯಸ್ಸಾದ ಒಬ್ಬಳು ಇಳಿದು, ಮಂಡಿ ಹಿಡಿದುಕೊಂಡು, “ಹತ್ತಕ್ಕೆ ಆಗೋದಿಲ್ಲ ಮಗನೇ, ಸಾವಕಾಶ ಹತ್ತೀನಿ” ಎಂದು ಕಂಡಕ್ಟರಿಗೆ ಸಮಾಧಾನ ಹೇಳಿದಳು. ಮೊದಲೇ ಮಾತಾಡಿಕೊಂಡಿದ್ದರೆಂದು ನನಗೆ ತೋರಲಿಲ್ಲ. ಗದ್ದೆಯಲ್ಲಿ ನಾಟಿಯ ಸಾಲು ಸಾಗುವ ಹಾಗೆ, ಒಬ್ಬಳ ಕೈ ನೋಡಿ ಇನ್ನೊಬ್ಬಳ ಕೈ ನಡೆಯುತ್ತಿತ್ತು.

ಎಲ್ಲರದ್ದೂ ಫುಲ್ ಟಿಕೆಟ್. ಅವರನ್ನು ಬಿಟ್ಟು ಬಸ್ಸು ಹೊರಡುವಂತಿರಲಿಲ್ಲ. ಅವರು ಹತ್ತುವುದು ಮುಗಿಯುತ್ತಲೂ ಇರಲಿಲ್ಲ.

“ಏನಿದು ಚೇಚಿ, ನಾಟಕವಾ?” ಎಂದ ಕಂಡಕ್ಟರ್, ಅಕ್ಕ ಎನ್ನುವುದನ್ನು ಬಿಡದೆ.

“ಹತ್ತುತ್ತಾ ಇದೀವಲ್ಲ” ಎಂದಳು ತಾಯಿ. “ನೀನು ಕೈ ತೆಗಿ. ನನಗೆ ಹತ್ತಕ್ಕೆ ಅಡ್ಡ ಆಗ್ತದೆ.”

ಹಿಂದಿನ ತಿರುವಿನಲ್ಲಿ ಆ ದೂರದ ಬಸ್ಸಿನ ಹಾರ್ನ್ ಕೇಳಿಸಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಕಿಟಕಿಯಿಂದ ತಲೆ ಹೊರಹಾಕಿ, “ಆ ಕೊಚ್ಚಿನೆ ಕೇಟ್ಟೆಡಾ” ಎಂದು ಕೂಗಿದ. ಮಗುವನ್ನು ಹತ್ತಿಸೋ ಎಂದು ಅರ್ಥ. ಕಂಡಕ್ಟರ್ ಕೈಯನ್ನು ತೆಗೆದ; ತೆಗೆದು, ಆ ಕೈಯಿಂದಲೇ ಬೆಲ್ಲಿನ ಹಗ್ಗ ಹಿಡಿದುಕೊಂಡ. ಹುಡುಗಿ ಹತ್ತಿದಳು. ಅವಳ ಹಿಂದೆ ಉಳಿದ ಮಕ್ಕಳು ಹತ್ತಿದರು. ಹೆಂಗಸರು ಅದಾದ ಮೇಲೆ, ಯಾರಿಗೂ ಏನೂ ಮರೆಯದೆ, ಬೇಗ ಹತ್ತಿದರು. ನಾನೂ ಹತ್ತಿದೆ.

ಸೀಟುಗಳು ತುಂಬಿದ್ದವು. ಹುಡುಗಿ ಕಂಬ ಹಿಡಿದು ನಿಂತಳು; ಅವಳ ಚೀಲವನ್ನು ಮುದುಕಿ ಕಸಿದು ಮಡಿಲಲ್ಲಿಟ್ಟುಕೊಂಡಳು. ಕಂಡಕ್ಟರ್ ಟಿಕೆಟ್ ಕೊಡುತ್ತ ಬಂದ. ಅವಳಿಗೂ ಕೊಟ್ಟ. ಪರೀಕ್ಷೆಯ ಬೆಲ್ ಆಗುವುದಕ್ಕೆ ಮುಂಚೆ ಅವಳು ಶಾಲೆಯ ಗೇಟಿನೊಳಗೆ ಹೋದದ್ದನ್ನು ನೋಡಿ ನಾನು ಮನೆಗೆ ಮರಳಿದೆ.

ಆ ಸಂಜೆ ತರಗತಿ ಮುಗಿಯುವ ಹೊತ್ತಿಗೆ ತಾಯಿ ಕಲಿಕಾ ಕೊಠಡಿಗೆ ಬಂದಳು. ತೋಟದಲ್ಲಿ ತಡವಾಗಿ ಹೋದದ್ದಕ್ಕೆ ಮೇಸ್ತ್ರಿ ಬೈದನಂತೆ. ಮಗಳ ಮೇಲಿನ ಕೋಪ ಇಳಿದಿರಲಿಲ್ಲ.

“ಒಂದು ಮಾತು ಅಂದಿದ್ರೆ ಮುಗೀತಿತ್ತು. ಇಷ್ಟು ಜನಕ್ಕೆ ಬೈಗುಳ ತಪ್ತಿತ್ತು. ಹಟ, ಹಟ.”

“ಹಾಗಾದರೆ ನೀವೇಕೆ ಇಳಿದಿರಿ?” ಎಂದು ಕೇಳಿದೆ.

“ಅವಳು ಅನ್ನೋದಿಲ್ಲ ಅಂತ ಅವಳ ಮುಖ ನೋಡಿದಾಗ ಗೊತ್ತಾಯ್ತು. ಅವನು ಬಿಡೋದಿಲ್ಲ ಅಂತ ಅವನ ಕೈ ನೋಡಿದಾಗ ಗೊತ್ತಾಯ್ತು. ಮಧ್ಯ ನಾನೊಬ್ಬಳೇ ತಾನೇ ಇದ್ದದ್ದು.”

ಹುಡುಗಿ ಬೆಂಚಿನ ಮೇಲೆ ಮರುದಿನದ ಪರೀಕ್ಷೆಗೆ ಓದುತ್ತಿದ್ದಳು, ಅಥವಾ ಓದುತ್ತಿರುವಂತೆ ಪುಸ್ತಕದ ಮೇಲೆ ಬಗ್ಗಿದ್ದಳು. ತಾಯಿ ಅವಳ ಹತ್ತಿರ ಹೋಗಿ, ತಲೆಗೆ ಒಂದು ಸಣ್ಣ ಏಟು ಹಾಕಿ, “ನಾಳೆನೂ ಅವನು ಕೈ ಇಟ್ರೆ?” ಎಂದು ಕೇಳಿದಳು.

ಹುಡುಗಿ ಪುಸ್ತಕದಿಂದ ತಲೆಯೆತ್ತಲಿಲ್ಲ. “ನಾಳೆ ಅಜ್ಜಿನ ಮೊದಲೇ ಹತ್ತಿಸೋಣ ಅವ್ವ” ಎಂದಳು. “ಮಂಡಿ ಹಿಡ್ಕೊಂಡು ಎರಡು ಸಲ ಹತ್ತಿ ಇಳಿಯಕ್ಕೆ ಹೊತ್ತು ಬೇಕಾಗ್ತದೆ.”